ಅಂಕಿತದಿಂದ ಪರವಾನಗಿಯವರೆಗೆ: ಚಲನಚಿತ್ರ ಹಾಗೂ ಕಿರುತೆರೆಯಲ್ಲಿ ಧಾರವಾಡ ಸೀಮೆಯ ಹಾಡುಗಳು

೧. ಪ್ರವೇಶ

ಅಳ್ನಾವರವು ಧಾರವಾಡ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಬಯಲು ಮುಗಿದು ಮಲೆನಾಡು ತೊಡಗುವ ಎಡೆಯಲ್ಲಿರುವ ಪಟ್ಟಣ. ಧಾರವಾಡದಿಂದ ಲೋಂಡಾದತ್ತ ಸಾಗುವ ರೈಲುಮಾರ್ಗದಿಂದ ದಾಂಡೇಲಿಯ ಕಡೆಗಿನ ಕವಲು ಒಡೆಯುವುದು ಇಲ್ಲಿಯೇ. ಇಂತಹ ಊರಿನ ಒಂದು ಭಜನಾ ಮೇಳವನ್ನು ಊಹಿಸಿಕೊಳ್ಳಬಹುದು. ಒಂದೇ ರಾತ್ರಿಯ ಭಜನೆಯಲ್ಲಿ ಪೇಟಿ, ತಬಲಾ, ತಾಳಗಳೊಡನೆ ಶಿಶುನಾಳ ಶರೀಫರ ತತ್ವಪದ, ಬೇಂದ್ರೆಯವರ ಒಂದು ಕವಿತೆ, ಹೆಂಗಸರ ಬಾಯಿಂದ ಬಂದ ಒಂದು ಬೀಸುವ ಪದ, ಮೇಳದ ಮುಖ್ಯಸ್ಥನೇ ಕಟ್ಟಿದ ಹೊಸ ಪದ ಇವೆಲ್ಲ ಒಂದರ ಹಿಂದೆ ಒಂದು ಬರುತ್ತವೆ. ಕೇಳುವವರು ಇದು ಯಾರದೆಂದು ಪ್ರಶ್ನಿಸುವುದಿಲ್ಲ. ಹಾಡುವವರಿಗೆ ನಾಲ್ಕೂ ‘ನಮ್ಮ ಹಾಡು’ಗಳೇ.

ಆದರೆ ಈ ನಾಲ್ಕು ಹಾಡುಗಳನ್ನು ಒಬ್ಬ ನಿರ್ಮಾಪಕ ತನ್ನ ಧಾರಾವಾಹಿಯಲ್ಲಿ ಬಳಸಲು ಬಯಸಿದ ಕೂಡಲೇ ಅವು ನಾಲ್ಕು ಬೇರೆ ಬೇರೆ ಸ್ವತ್ತುಗಳಾಗಿ ಒಡೆದುಕೊಳ್ಳುತ್ತವೆ. ಒಂದಕ್ಕೆ ಯಾರ ಅನುಮತಿಯೂ ಬೇಡ. ಇನ್ನೊಂದಕ್ಕೆ ಕವಿಯ ವಾರಸುದಾರರ ಅನುಮತಿ ಬೇಕು. ಮತ್ತೊಂದಕ್ಕೆ ಒಡೆಯರೇ ಇಲ್ಲ. ಕೊನೆಯದರ ಒಡೆಯ ಎದುರಿಗೇ ಕುಳಿತಿದ್ದರೂ ತಾನು ಒಡೆಯನೆಂಬುದು ಅವನಿಗೆ ತಿಳಿದಿರುವುದಿಲ್ಲ. ಆ ಕ್ಷಣದಲ್ಲಿ ಸಹಿಯಾಗುವ ಒಂದು ಹಾಳೆ, ಅವನಿಗೆ ಹಾಡು ಒಂದು ದಿನದ ಕೂಲಿಯಾಗುವುದೋ ಬಾಳಿಡೀ ಕೈಹಿಡಿಯುವ ವೃತ್ತಿಯಾಗುವುದೋ ಎಂಬುದನ್ನು ನಿರ್ಧರಿಸುತ್ತದೆ.

ಕನ್ನಡದಲ್ಲಿ ಚಲನಚಿತ್ರಗೀತೆಗಳ ಅಧ್ಯಯನವು ಬಹುಮಟ್ಟಿಗೆ ಸಾಹಿತ್ಯಮೌಲ್ಯ, ಛಂದಸ್ಸು, ಜನಪ್ರಿಯತೆಗಳ ಸುತ್ತ ನಡೆದಿದೆ. ಹಾಡು ತೆರೆಯನ್ನು ಸೇರುವ ಕರಾರಿನ ಬಗೆ, ಆ ಕರಾರಿನಲ್ಲಿ ಕವಿ ಹಾಗೂ ಗಾಯಕರ ಸ್ಥಾನ ಕುರಿತ ಚರ್ಚೆ ವಿರಳ. ಪ್ರಸ್ತುತ ಲೇಖನದಲ್ಲಿ ಧಾರವಾಡ ಸೀಮೆಯ ಹಾಡುಗಳನ್ನು ಮುಖ್ಯ ಆಕರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಲಾಗಿದೆ. ತೆರೆಗೆ ಹಾಡನ್ನು ಒದಗಿಸಿ ಬಾಳಿಕೆಯ ವೃತ್ತಿ ಕಟ್ಟಿಕೊಳ್ಳಲು ಪ್ರತಿಭೆಯ ಜೊತೆಗೆ ಕರ್ತೃತ್ವದ ದಾಖಲೆ ಬೇಕು. ಆ ದಾಖಲೆಯನ್ನು ಸಿದ್ಧಪಡಿಸುವವರಲ್ಲಿ ಕನ್ನಡ ಸಂಶೋಧಕನೂ ಒಬ್ಬ ಎಂಬುದು ಲೇಖನದ ನಿಲುವು.

೨. ಹಾಡಿನ ಪದರಗಳು, ಮಾರಾಟ ಮತ್ತು ಪರವಾನಗಿ

ಭಾರತದ ಹಕ್ಕುಸ್ವಾಮ್ಯ ಅಧಿನಿಯಮವು (೧೯೫೭) ಹಾಡನ್ನು ಒಂದೇ ಕೃತಿಯೆಂದು ಕಾಣುವುದಿಲ್ಲ. ಪದಗಳು ಸಾಹಿತ್ಯಕೃತಿ, ಧಾಟಿ ಸಂಗೀತಕೃತಿ, ಅದನ್ನು ಮುದ್ರಿಸಿಕೊಂಡ ಧ್ವನಿಮುದ್ರಿಕೆ ಮೂರನೆಯ ಸ್ವತ್ತು, ಇವುಗಳ ಜೊತೆಗೆ ಗಾಯಕ ವಾದಕರಿಗೆ ಪ್ರದರ್ಶನಕಾರರ ಹಕ್ಕು ಎಂಬ ನಾಲ್ಕನೆಯ ಪದರವಿದೆ. ಸಂಗೀತಕೃತಿಯ ವ್ಯಾಖ್ಯೆಯಿಂದ ಪದಗಳನ್ನು ಕಾಯಿದೆ ಸ್ಪಷ್ಟವಾಗಿ ಹೊರಗಿಟ್ಟಿದೆ. ಆದ್ದರಿಂದ ಈಗಾಗಲೇ ಇರುವ ಹಾಡೊಂದನ್ನು ದೃಶ್ಯಕ್ಕೆ ಹೊಂದಿಸಿಕೊಳ್ಳುವ ನಿರ್ಮಾಪಕ ಪದ ಮತ್ತು ಧಾಟಿಗೆ ಒಂದು ಪರವಾನಗಿಯನ್ನೂ, ಸಿದ್ಧ ಧ್ವನಿಮುದ್ರಿಕೆಯನ್ನೇ ಬಳಸುವುದಾದರೆ ಅದರ ಒಡೆಯನಿಂದ ಮತ್ತೊಂದು ಪರವಾನಗಿಯನ್ನೂ ಪಡೆಯಬೇಕಾಗುತ್ತದೆ. ಉದ್ಯಮದ ಮಾತಿನಲ್ಲಿ ಮೊದಲನೆಯದು ಸಿಂಕ್ ಪರವಾನಗಿ, ಎರಡನೆಯದು ಮಾಸ್ಟರ್ ಪರವಾನಗಿ.

ಇಲ್ಲಿ ಎರಡು ಬಗೆಯ ವ್ಯವಹಾರಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಹಕ್ಕಿನ ವರ್ಗಾವಣೆ ಎಂದರೆ ಸ್ವತ್ತನ್ನೇ ಬಿಟ್ಟುಕೊಡುವುದು. ಪರವಾನಗಿ ಎಂದರೆ ಸ್ವತ್ತನ್ನು ತನ್ನಲ್ಲಿಯೇ ಉಳಿಸಿಕೊಂಡು ಇಂತಹ ಬಳಕೆಗೆ, ಇಷ್ಟು ಅವಧಿಗೆ, ಇಷ್ಟು ಪ್ರದೇಶಕ್ಕೆ ಎಂದು ಒಪ್ಪಿಗೆ ನೀಡುವುದು. ಹೊಲವನ್ನು ಖರೀದಿ ಕೊಡುವುದಕ್ಕೂ ಲಾವಣಿಗೆ ಕೊಡುವುದಕ್ಕೂ ಇರುವ ಅಂತರವನ್ನು ಬಲ್ಲ ಧಾರವಾಡ ಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹೊಲದ ವಿಷಯದಲ್ಲಿ ಉತಾರ ನೋಡದೆ ಹೆಬ್ಬೆಟ್ಟು ಒತ್ತದವನು ಹಾಡಿನ ವಿಷಯದಲ್ಲಿ ಓದದೆ ಸಹಿ ಮಾಡುತ್ತಾನೆ. ಹಾಡಿಗೆ ಉತಾರವೇ ಇಲ್ಲದಿರುವುದು ಇದಕ್ಕೆ ಮುಖ್ಯ ಕಾರಣ.

೩. ಕಾಯಿದೆಯ ಮೂರು ಘಟ್ಟಗಳು

ಚಲನಚಿತ್ರದ ಕವಿ ಮತ್ತು ಸಂಗೀತಗಾರರ ಆರ್ಥಿಕ ಸ್ಥಿತಿಯನ್ನು ನಿರ್ಧರಿಸಿದ ಮೂರು ಘಟ್ಟಗಳನ್ನು ಗುರುತಿಸಬಹುದು.

ಮೊದಲನೆಯದು ೧೯೭೭ರ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಕವಿಗಳು ಹಾಗೂ ಸಂಗೀತ ಸಂಯೋಜಕರ ಪರವಾಗಿ ರಾಯಧನ ಸಂಗ್ರಹಿಸಲು ೧೯೬೯ರಲ್ಲಿ ಸ್ಥಾಪಿತವಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಗೂ ಪೂರ್ವಭಾರತದ ಚಲನಚಿತ್ರ ಸಂಘಕ್ಕೂ ನಡೆದ ವ್ಯಾಜ್ಯದಲ್ಲಿ, ನಿರ್ಮಾಪಕನು ಹಣ ಕೊಟ್ಟು ಬರೆಸಿದ ಹಾಡಿಗೆ ವಿರುದ್ಧ ಕರಾರು ಇಲ್ಲದಿದ್ದರೆ ನಿರ್ಮಾಪಕನೇ ಮೊದಲ ಒಡೆಯನೆಂದು ನ್ಯಾಯಾಲಯ ಹೇಳಿತು. ಪೀಠದಲ್ಲಿದ್ದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ತಮ್ಮ ಪ್ರತ್ಯೇಕ ಟಿಪ್ಪಣಿಯಲ್ಲಿ, ಗಾಯಕನಿಗೆ ಕಾಯಿದೆಯಲ್ಲಿ ಯಾವ ಹಕ್ಕೂ ಇಲ್ಲದಿರುವ ಕೊರತೆಯತ್ತ ಸಂಸತ್ತಿನ ಗಮನ ಸೆಳೆದರು.

ಎರಡನೆಯದು ೧೯೯೪ರ ತಿದ್ದುಪಡಿ. ೧೯೯೫ರ ಮೇ ತಿಂಗಳಲ್ಲಿ ಜಾರಿಗೆ ಬಂದ ಇದರಿಂದ ಪ್ರದರ್ಶನಕಾರರ ಹಕ್ಕು ಮೊದಲ ಬಾರಿಗೆ ಕಾಯಿದೆಯೊಳಗೆ ಬಂದಿತು. ವರ್ಗಾವಣೆಯ ಪತ್ರದಲ್ಲಿ ಅವಧಿ ನಮೂದಾಗಿರದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಾಗಿರದಿದ್ದರೆ ಭಾರತಕ್ಕೆ ಮಾತ್ರವೆಂದೂ ಭಾವಿಸಬೇಕೆಂಬ ನಿಯಮಗಳೂ ಆಗಲೇ ಸೇರಿದವು. ಅದಕ್ಕಿಂತ ಹಿಂದಿನ ಪತ್ರಗಳಿಗೆ ಈ ನಿಯಮಗಳು ಅನ್ವಯಿಸುವುದಿಲ್ಲವೆಂಬುದನ್ನು ಹಳೆಯ ಕರಾರುಗಳನ್ನು ಪರಿಶೀಲಿಸುವವರು ನೆನಪಿಡಬೇಕು.

ಮೂರನೆಯದು ೨೦೧೨ರ ತಿದ್ದುಪಡಿ. ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದ ಕವಿ ಜಾವೇದ್ ಅಖ್ತರ್ ಇದರ ಪರವಾಗಿ ಸದನದಲ್ಲಿ ವಾದಿಸಿದ್ದರು. ಚಿತ್ರದಲ್ಲಿ ಸೇರಿದ ಹಾಡಿನ ಕವಿ ಮತ್ತು ಸಂಯೋಜಕರು ಚಿತ್ರಮಂದಿರದ ಪ್ರದರ್ಶನವನ್ನುಳಿದು ಬೇರೆಲ್ಲ ಬಳಕೆಗಳಲ್ಲಿ ರಾಯಧನದ ಸಮಪಾಲಿಗೆ ಅರ್ಹರು. ಈ ಪಾಲನ್ನು ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಹೊರತು ಬೇರಾರಿಗೂ ಬಿಟ್ಟುಕೊಡಲು ಬರುವುದಿಲ್ಲ. ವರ್ಗಾವಣೆಯ ಕಾಲಕ್ಕೆ ಬಳಕೆಯಲ್ಲಿ ಇರದಿದ್ದ ಮಾಧ್ಯಮಕ್ಕೆ ಆ ವರ್ಗಾವಣೆ ವಿಸ್ತರಿಸುವುದೂ ಇಲ್ಲ. ಹೀಗೆ ೧೯೭೭ರಲ್ಲಿ ಮುಚ್ಚಿದ್ದ ಬಾಗಿಲು ೩೫ ವರ್ಷಗಳ ಅನಂತರ ಅರ್ಧದಷ್ಟಾದರೂ ತೆರೆಯಿತು.

೪. ಮೊದಲೇ ಪ್ರಕಟವಾದ ಕವಿತೆ: ಬೇಂದ್ರೆ ಮತ್ತು ಕೆ. ಎಸ್. ನರಸಿಂಹಸ್ವಾಮಿ

೧೯೭೭ರ ತೀರ್ಪಿನ ವ್ಯಾಪ್ತಿಗೆ ಬಂದದ್ದು ನಿರ್ಮಾಪಕನು ಬರೆಸಿದ ಹಾಡು. ಅದಕ್ಕೂ ಮೊದಲೇ ಕವನಸಂಕಲನದಲ್ಲಿ ಅಚ್ಚಾದ ಕವಿತೆಯ ಸ್ಥಿತಿ ಬೇರೆ. ಇದನ್ನು ಕನ್ನಡದ ಎರಡು ನಿದರ್ಶನಗಳಿಂದ ಸ್ಪಷ್ಟಪಡಿಸಿಕೊಳ್ಳಬಹುದು.

ದ. ರಾ. ಬೇಂದ್ರೆಯವರ ‘ಬೆಳಗು’ ಕವಿತೆ ಅವರ ‘ಗರಿ’ ಸಂಕಲನದ್ದು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ಬೆಳ್ಳಿಮೋಡ’ (೧೯೬೭) ಚಿತ್ರಕ್ಕೆ ವಿಜಯಭಾಸ್ಕರ್ ಅವರ ಸಂಗೀತದಲ್ಲಿ ಅದು ಹಾಡಾಯಿತು. ಕವಿತೆ ಚಿತ್ರಕ್ಕಾಗಿ ಹುಟ್ಟಿದ್ದಲ್ಲ; ಹಲವು ದಶಕಗಳ ಹಿಂದೆಯೇ ಅಚ್ಚಾಗಿದ್ದುದರಿಂದ ಅದರ ಕರ್ತೃತ್ವ ನಿರ್ವಿವಾದ. ನಿರ್ಮಾಪಕನಿಗೆ ಅದರಲ್ಲಿ ದೊರೆಯುವುದು ಕವಿ ಕೊಟ್ಟಷ್ಟು ಮಾತ್ರ. ಕೊಡದೆ ಉಳಿದದ್ದು ಕವಿಯದೇ. ಬೇಂದ್ರೆಯವರು ೧೯೮೧ರಲ್ಲಿ ತೀರಿಕೊಂಡರು. ಕವಿಯ ಮರಣಾನಂತರ ೬೦ ವರ್ಷಗಳ ನಿಯಮದಂತೆ ಅವರ ಕವಿತೆಗಳ ಹಕ್ಕು ೨೦೪೧ರ ಅಂತ್ಯದವರೆಗೆ ಇರುತ್ತದೆ. ವಿಜಯಭಾಸ್ಕರ್ ಅವರ ಧಾಟಿ ಇದರಿಂದ ಪ್ರತ್ಯೇಕವಾದ ಸ್ವತ್ತು. ಆದ್ದರಿಂದ ಅದೇ ಕವಿತೆಗೆ ಬೇರೊಂದು ಧಾಟಿ ಹಾಕಿ ಕಿರುತೆರೆಗೆ ತರಬಯಸುವವನಿಗೆ ‘ಬೆಳ್ಳಿಮೋಡ’ದ ಧಾಟಿಯ ಅನುಮತಿ ಬೇಡ, ಕವಿತೆಯ ಹಕ್ಕುದಾರರ ಅನುಮತಿ ಬೇಕು.

ಎರಡನೆಯ ನಿದರ್ಶನ ಕೆ. ಎಸ್. ನರಸಿಂಹಸ್ವಾಮಿಯವರದು. ೧೯೪೨ರಲ್ಲಿ ಪ್ರಕಟವಾದ ‘ಮೈಸೂರ ಮಲ್ಲಿಗೆ’ಯ ಕವಿತೆಗಳನ್ನು ಆಧರಿಸಿ ಟಿ. ಎಸ್. ನಾಗಾಭರಣ ಅದೇ ಹೆಸರಿನ ಚಿತ್ರವನ್ನು ತೆಗೆದರು, ಸಂಗೀತ ಸಿ. ಅಶ್ವಥ್ ಅವರದು. ಕವಿಗೆ ಶ್ರೇಷ್ಠ ಗೀತರಚನೆಗಾಗಿ ರಾಷ್ಟ್ರಪ್ರಶಸ್ತಿ ದೊರೆಯಿತು. ಅರ್ಧ ಶತಮಾನದ ಹಿಂದಿನ ಸಂಕಲನ ಹೊಸ ಮಾಧ್ಯಮದಲ್ಲಿ ಮತ್ತೊಮ್ಮೆ ಫಲ ಕೊಟ್ಟಿತು. ತೆರೆಯ ಅಗತ್ಯಕ್ಕೆ ತಕ್ಕಂತೆ ಬರೆದುಕೊಡುವುದಕ್ಕಿಂತ, ಮೊದಲು ತನ್ನ ಕೃತಿಯನ್ನು ತನ್ನ ಹೆಸರಿನಲ್ಲಿ ಪ್ರಕಟಿಸಿಕೊಂಡು ಅನಂತರ ಪರವಾನಗಿ ನೀಡುವುದು ಕವಿಗೆ ಹೆಚ್ಚು ಕ್ಷೇಮವೆಂಬುದು ಈ ಎರಡು ನಿದರ್ಶನಗಳಿಂದ ತಿಳಿದುಬರುತ್ತದೆ. ಆದರೆ ಪ್ರಕಾಶಕನಿಗೆ ಬರೆದುಕೊಡುವ ಪತ್ರದಲ್ಲಿ ‘ಸರ್ವಹಕ್ಕುಗಳು’ ಎಂಬ ಪದ ಸೇರಿಕೊಂಡರೆ ಈ ಅನುಕೂಲವೂ ಕೈತಪ್ಪಬಹುದು. ಮುದ್ರಣದ ಹಕ್ಕು ಬೇರೆ, ತೆರೆಗೆ ಅಳವಡಿಸುವ ಹಕ್ಕು ಬೇರೆ ಎಂದು ಪತ್ರವೇ ಹೇಳಬೇಕು.

೫. ತತ್ವಪದ: ಅಂಕಿತ, ಧಾಟಿ, ಪಾಠ

ಶಿಶುನಾಳ ಶರೀಫರು (೧೮೧೯–೧೮೮೯) ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದವರು. ಅವರ ಪದಗಳಿಗೆ ಈಗ ಹಕ್ಕುಸ್ವಾಮ್ಯವಿಲ್ಲ. ಆದರೂ ಕರ್ತೃತ್ವದ ಗುರುತು ಪದಗಳ ಒಳಗೇ ಇದೆ. ಅದು ಶಿಶುನಾಳಾಧೀಶನ ಅಂಕಿತ. ವಚನಕಾರರಿಂದ ದಾಸರವರೆಗೆ, ಅಲ್ಲಿಂದ ತತ್ವಪದಕಾರರವರೆಗೆ ಹರಿದುಬಂದ ಈ ಪದ್ಧತಿಯಲ್ಲಿ ಕವಿ ತನ್ನ ಹೆಸರನ್ನು ಇಷ್ಟದೈವದ ಹೆಸರಿನ ಹಿಂದೆ ಮರೆಸಿಕೊಳ್ಳುತ್ತಾನೆ. ಅಂಕಿತವು ಒಡೆತನವನ್ನು ಸಾರುವುದಿಲ್ಲ. ಗುರುತನ್ನು ಮಾತ್ರ ಉಳಿಸುತ್ತದೆ. ಪರವಾನಗಿಯ ಕಾಲದ ಪತ್ರವಾದರೋ ಒಡೆತನವನ್ನು ಖಚಿತಪಡಿಸುತ್ತದೆ, ಗುರುತನ್ನು ಹಲವೊಮ್ಮೆ ಅಳಿಸುತ್ತದೆ. ಹಕ್ಕನ್ನು ವರ್ಗಾಯಿಸಿದ ಮೇಲೆಯೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆಂದು ಹೇಳುವ ಕಾಯಿದೆಯ ೫೭ನೆಯ ಕಲಮನ್ನು ಅಂಕಿತದ ಆಧುನಿಕ ರೂಪವೆಂದು ಕರೆಯಬಹುದು.

ನಾಗಾಭರಣರ ‘ಸಂತ ಶಿಶುನಾಳ ಶರೀಫ’ (೧೯೯೦) ಚಿತ್ರ ಹಾಗೂ ಸಿ. ಅಶ್ವಥ್ ಅವರ ಗಾಯನದಿಂದ ಶರೀಫರ ಪದಗಳು ನಾಡಿನ ಉದ್ದಗಲಕ್ಕೆ ಹಬ್ಬಿದವು. ಇಲ್ಲಿ ಎಚ್ಚರಿಕೆ ಬೇಕಾದ ಅಂಶವೊಂದಿದೆ. ಪದ ಎಲ್ಲರದು, ಆದರೆ ಅಶ್ವಥ್ ಅವರು ಸಂಯೋಜಿಸಿದ ಧಾಟಿ ಎಲ್ಲರದಲ್ಲ. ಅವರು ೨೦೦೯ರಲ್ಲಿ ನಿಧನರಾದುದರಿಂದ ಅವರ ಸ್ವಂತ ಸಂಯೋಜನೆಗಳ ಹಕ್ಕು ೨೦೬೯ರ ಅಂತ್ಯದವರೆಗೆ ಸಲ್ಲುತ್ತದೆ. ಭಜನಾ ಮೇಳಗಳಲ್ಲಿ ತಲೆಮಾರುಗಳಿಂದ ಬಂದ ಧಾಟಿಯಲ್ಲಿ ಅದೇ ಪದವನ್ನು ಹಾಡಿದರೆ ಯಾರ ಅನುಮತಿಯೂ ಬೇಡ. ಹೀಗಿರುವಾಗ ‘ಈ ಧಾಟಿ ಪರಂಪರೆಯದೋ, ಒಬ್ಬರ ಸಂಯೋಜನೆಯೋ’ ಎಂಬುದನ್ನು ತೀರ್ಮಾನಿಸಬಲ್ಲ ಆಧಾರ ಯಾವುದು? ಧ್ವನಿಸುರುಳಿ ಬರುವ ಮೊದಲಿನ ಕ್ಷೇತ್ರಕಾರ್ಯದ ಮುದ್ರಿಕೆಗಳು, ಸ್ವರಲಿಪಿಯ ಟಿಪ್ಪಣಿಗಳು, ೧೯೫೦ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಂತಹ ಕೇಂದ್ರಗಳ ಪ್ರಸಾರದ ಕಡತಗಳು ಮಾತ್ರ. ಇವು ಸಂಶೋಧಕನ ಕೈಯಳವಿನ ಆಕರಗಳು.

ಪಾಠದ ವಿಷಯದಲ್ಲಿಯೂ ಹೀಗೆಯೇ. ಹಳೆಯ ಪದವನ್ನು ಇದ್ದಂತೆಯೇ ನಕಲು ಮಾಡಿ ಅಚ್ಚುಹಾಕಿದ ಮಾತ್ರಕ್ಕೆ ಸಂಪಾದಕನಿಗೆ ಅದರಲ್ಲಿ ಹಕ್ಕು ಹುಟ್ಟುವುದಿಲ್ಲ. ಶ್ರಮವೊಂದೇ ಸಾಲದು, ಕನಿಷ್ಠ ಪ್ರಮಾಣದ ಸೃಜನಶೀಲತೆಯೂ ಇರಬೇಕೆಂದು ಈಸ್ಟರ್ನ್ ಬುಕ್ ಕಂಪನಿಯ ವ್ಯಾಜ್ಯದಲ್ಲಿ ೨೦೦೭ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಪೀಠಿಕೆ, ಟಿಪ್ಪಣಿ, ವಿವೇಚನೆಯಿಂದ ಕೂಡಿದ ಜೋಡಣೆ ಸಂಪಾದಕನವು. ಮೂಲ ಪದ ಎಲ್ಲರದು.

೬. ‘ಸಾಹಿತ್ಯ: ಜನಪದ’

ಚಿತ್ರದ ಶೀರ್ಷಿಕೆಗಳಲ್ಲಿ, ಧ್ವನಿಸುರುಳಿಗಳ ಹೊದಿಕೆಯಲ್ಲಿ ‘ಸಾಹಿತ್ಯ: ಜನಪದ’ ಎಂಬ ನಮೂದು ಪರಿಚಿತವೇ. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ (೧೯೩೧) ಸಂಕಲನವನ್ನು ಹೊರತಂದಂದಿನಿಂದ ಉತ್ತರ ಕರ್ನಾಟಕದ ತ್ರಿಪದಿಗಳು ಅಚ್ಚಿನಲ್ಲಿ ದೊರೆಯುತ್ತಿವೆ. ನಿಜವಾದ ಜನಪದ ಗೀತೆಗೆ ಒಬ್ಬ ಒಡೆಯನಿಲ್ಲ. ಭಾರತದ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಸಮುದಾಯದ ಒಡೆತನಕ್ಕೆ ಪ್ರತ್ಯೇಕ ಅವಕಾಶವೂ ಇಲ್ಲ. ಆದರೆ ಜನಪದವೆಂಬ ನಮೂದು ಎಲ್ಲ ಸಂದರ್ಭಗಳಲ್ಲಿಯೂ ಸತ್ಯವೇ ಎಂಬುದು ಪ್ರಶ್ನೆ. ಹೆಸರು ತಿಳಿಯದ ಕವಿಯ ಹಾಡನ್ನೂ, ತಿಳಿದುಕೊಳ್ಳಲು ಯತ್ನಿಸದ ಕವಿಯ ಹಾಡನ್ನೂ ಅದು ಒಂದೇ ಹೊದಿಕೆಯಲ್ಲಿ ಮುಚ್ಚಬಲ್ಲದು.

ಇದರ ಪರಿಣಾಮಕ್ಕೆ ಹೊರಗಿನ ನಿದರ್ಶನವೊಂದನ್ನು ನೋಡಬಹುದು. ದಕ್ಷಿಣ ಆಫ್ರಿಕಾದ ಜುಲು ಗಾಯಕ ಸಾಲೊಮನ್ ಲಿಂಡಾ ೧೯೩೯ರಲ್ಲಿ ‘ಂಬೂಬೆ’ ಎಂಬ ಹಾಡನ್ನು ಮುದ್ರಿಸಿದ. ಅದರ ಹಕ್ಕನ್ನು ಅತ್ಯಲ್ಪ ಹಣಕ್ಕೆ ಬಿಟ್ಟುಕೊಟ್ಟ. ಅಮೆರಿಕದ ಗಾಯಕರು ಅದನ್ನು ಆಫ್ರಿಕಾದ ಜನಪದ ಗೀತೆಯೆಂದು ಭಾವಿಸಿ ಹಾಡಿದರು. ಹೊಸ ಪದಗಳೊಡನೆ ಅದು ಜಗತ್ಪ್ರಸಿದ್ಧವಾಯಿತು. ಲಿಂಡಾ ೧೯೬೨ರಲ್ಲಿ ಬಡತನದಲ್ಲಿಯೇ ತೀರಿಕೊಂಡ. ಡಿಸ್ನಿಯ ‘ದಿ ಲಯನ್ ಕಿಂಗ್’ (೧೯೯೪) ಚಿತ್ರದಲ್ಲಿ ಅದರ ಬಳಕೆಯಾದ ಬಳಿಕ ಅವನ ವಾರಸುದಾರರು ನ್ಯಾಯಾಲಯಕ್ಕೆ ಹೋದರು. ೨೦೦೬ರಲ್ಲಿ ರಾಜಿಯಾಗಿ ಅವರಿಗೆ ರಾಯಧನದ ಪಾಲು ದೊರೆಯಿತು. ವಾರಸುದಾರರ ಕೈಹಿಡಿದ ಸಂಗತಿಗಳಲ್ಲಿ ೧೯೩೯ರ ಆ ಧ್ವನಿಮುದ್ರಿಕೆಯೂ ಒಂದು. ದಿನಾಂಕವುಳ್ಳ ಆ ಮುದ್ರಿಕೆ ಇಲ್ಲದೆ ಹೋಗಿದ್ದರೆ ಹಾಡು ಜನಪದವಾಗಿಯೇ ಉಳಿಯುತ್ತಿತ್ತು.

೭. ಹಾಡಿದವರ ಪಾಲು

ಧಾರವಾಡ ಸೀಮೆಯ ದೊಡ್ಡ ಸಂಪತ್ತು ಅದರ ಗಾಯಕರು. ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತ ಭೀಮಸೇನ ಜೋಶಿಯವರು ಹಿಂದಿಯ ‘ಬಸಂತ್ ಬಹಾರ್’ (೧೯೫೬) ಚಿತ್ರಕ್ಕೂ, ಅ. ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ ‘ಸಂಧ್ಯಾರಾಗ’ (೧೯೬೬) ಚಿತ್ರಕ್ಕೂ ಹಾಡಿದರು. ಆ ಕಾಲದ ಕಾಯಿದೆಯಲ್ಲಿ ಗಾಯಕನಿಗೆ ಹಕ್ಕೆಂಬುದೇ ಇರಲಿಲ್ಲ. ಎಂತಹ ಗಾಯಕನಾದರೂ ಪಡೆಯಬಹುದಾಗಿದ್ದುದು ಕರಾರಿನಂತೆ ಬಂದ ಸಂಭಾವನೆಯನ್ನು ಮಾತ್ರ. ೧೯೯೪ರ ತಿದ್ದುಪಡಿಯಲ್ಲಿ ೨೫ ವರ್ಷಗಳಿಗೆ ದೊರೆತ ಪ್ರದರ್ಶನಕಾರರ ಹಕ್ಕು ೧೯೯೯ರಲ್ಲಿ ೫೦ ವರ್ಷಗಳಿಗೆ ವಿಸ್ತರಿಸಿತು. ೨೦೧೨ರ ಬಳಿಕ, ಚಿತ್ರದಲ್ಲಿ ತನ್ನ ಗಾಯನವನ್ನು ಸೇರಿಸಲು ಬರೆದುಕೊಟ್ಟ ಗಾಯಕನಿಗೂ ಅದರ ವಾಣಿಜ್ಯ ಬಳಕೆಯಲ್ಲಿ ರಾಯಧನದ ಅರ್ಹತೆ ಉಂಟು. ಆದ್ದರಿಂದ ಒಡೆಯನಿಲ್ಲದ ಬೀಸುವ ಪದವನ್ನು ಹಾಡಿದ ಅಳ್ನಾವರದ ಹೆಣ್ಣುಮಗಳಿಗೆ ಪದದಲ್ಲಿ ಹಕ್ಕು ಇಲ್ಲದಿದ್ದರೂ ತನ್ನ ಗಾಯನದಲ್ಲಿ ಹಕ್ಕು ಇದೆ. ಅವಳ ಹೆಸರು ದಾಖಲಾಗದಿದ್ದರೆ ಆ ಹಕ್ಕು ಇದ್ದೂ ಇಲ್ಲದಂತೆ.

೮. ಬಾಳಿಕೆಯ ವೃತ್ತಿಯ ಲಕ್ಷಣಗಳು

ಮೇಲಿನ ಚರ್ಚೆಯ ಬೆಳಕಿನಲ್ಲಿ ಮೇಳದ ಮುಖ್ಯಸ್ಥನು ಕಟ್ಟಿದ ನಾಲ್ಕನೆಯ ಹಾಡಿಗೆ ಮರಳಬಹುದು. ಪದ, ಧಾಟಿ, ಗಾಯನ ಮೂರೂ ಅವನವು. ಸ್ವಂತ ಖರ್ಚಿನಲ್ಲಿ ಮುದ್ರಿಸಿಕೊಂಡಿದ್ದರೆ ಧ್ವನಿಮುದ್ರಿಕೆಯೂ ಅವನದೇ. ಎಲ್ಲ ಪದರಗಳೂ ಒಬ್ಬನಲ್ಲಿಯೇ ಕೂಡಿದ ಇಂತಹ ಹಾಡು ಪರವಾನಗಿಯ ದೃಷ್ಟಿಯಿಂದ ಅತ್ಯಂತ ಬೆಲೆಯುಳ್ಳದ್ದು. ಧಾರಾವಾಹಿಯ ಕೆಲಸ ದಿನದ ಗಡುವಿನಲ್ಲಿ ನಡೆಯುವುದರಿಂದ, ಒಂದೇ ಸಹಿಯಲ್ಲಿ ಅನುಮತಿ ಮುಗಿಯುವ ಹಾಡು ಐದು ಜನರನ್ನು ಹುಡುಕಬೇಕಾದ ಹಾಡಿಗಿಂತ ಬೇಗ ಆಯ್ಕೆಯಾಗುತ್ತದೆ.

ಅವನ ಸಹಿಗೆ ಬರುವ ಪತ್ರದಲ್ಲಿ ಯಾವ ಕಂತಿಗೆ, ಯಾವ ಮಾಧ್ಯಮಗಳಿಗೆ, ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ ಎಂಬ ನಾಲ್ಕು ಮಿತಿಗಳು ಸ್ಪಷ್ಟವಾಗಿರಬೇಕು. ಒಬ್ಬರಿಗೇ ಮೀಸಲಲ್ಲದ ಪರವಾನಗಿಯಾದರೆ ಅದೇ ಹಾಡನ್ನು ನಾಳೆ ಬೇರೊಬ್ಬರಿಗೂ ಕೊಡಬಹುದು. ಹಲವರು ಕೂಡಿ ಕಟ್ಟಿದ ಹಾಡಾದರೆ ಪದ, ಧಾಟಿಗಳಲ್ಲಿ ಯಾರ ಪಾಲು ಎಷ್ಟೆಂಬುದನ್ನು ಹಾಡು ಹೆಸರಾಗುವ ಮೊದಲೇ ಬರೆದಿಡಬೇಕು. ಪ್ರಸಾರದ ರಾಯಧನ ಹಕ್ಕುಸ್ವಾಮ್ಯ ಸಂಘದ ಮೂಲಕ ಬರುವುದರಿಂದ ಸದಸ್ಯತ್ವವೂ, ಪ್ರತಿ ಹಾಡಿನ ನೋಂದಣಿಯೂ ಬೇಕು. ಕಂತಿನಲ್ಲಿ ಯಾವ ಹಾಡು ಎಷ್ಟು ಹೊತ್ತು ಬಳಕೆಯಾಯಿತು, ಕವಿ ಯಾರು, ಸಂಯೋಜಕ ಯಾರು ಎಂಬುದನ್ನು ತಿಳಿಸುವ ಕ್ಯೂ ಷೀಟ್ ಎಂಬ ಪಟ್ಟಿಯಲ್ಲಿ ಹೆಸರು ತಪ್ಪಿದರೆ ಹಣವೂ ದಾರಿ ತಪ್ಪುತ್ತದೆ.

ಒಂದು ಹಾಡಿನಿಂದ ವೃತ್ತಿ ನಿಲ್ಲುವುದಿಲ್ಲವೆಂಬುದೂ ಅಷ್ಟೇ ನಿಜ. ಮುಂಗಡ ಸಂಭಾವನೆ ಒಮ್ಮೆ ಬಂದು ಮುಗಿಯುತ್ತದೆ. ಮರುಪ್ರಸಾರ, ಭಾಷಾಂತರಿತ ಆವೃತ್ತಿ, ಅಂತರಜಾಲದ ವೇದಿಕೆಗಳಿಂದ ಬರುವುದು ಸಣ್ಣ ಮೊತ್ತಗಳು. ಹತ್ತಾರು ವರ್ಷಗಳಲ್ಲಿ ನೂರಾರು ಹಾಡುಗಳು ಹೀಗೆ ಹಕ್ಕು ಕಳೆದುಕೊಳ್ಳದೆ ಕೂಡಿಬಂದಾಗಲೇ ಆ ಸಣ್ಣ ಮೊತ್ತಗಳು ಒಂದು ಜೀವನೋಪಾಯವಾಗುತ್ತವೆ. ಸಂಭಾಷಣೆಯ ಹಿಂದೆ ಬಳಸಲು ಅನುಕೂಲವಾಗುವಂತೆ ಪ್ರತಿ ಹಾಡಿನ ವಾದ್ಯರೂಪವನ್ನೂ ಮುದ್ರಿಸಿಡುವುದು ಹೆಚ್ಚಿನ ಶ್ರಮವಿಲ್ಲದೆ ಈ ಸಂಗ್ರಹವನ್ನು ಬೆಳೆಸುವ ಒಂದು ಮಾರ್ಗ.

೯. ಉಪಸಂಹಾರ

ಭಜನೆಯ ಹಾಡಿಗೆ ಬೆಲೆ ಕಟ್ಟುವುದು ಪರಂಪರೆಗೆ ಅಪಚಾರವೆಂಬ ಆಕ್ಷೇಪ ಬರಬಹುದು. ಅದರಲ್ಲಿ ಹುರುಳಿಲ್ಲದಿಲ್ಲ. ತತ್ವಪದವು ಗುರುವಿನ ಪ್ರಸಾದವೆಂದು ಹಾಡುವವನಿಗೆ ಒಡೆತನದ ಮಾತು ಒಗ್ಗುವುದಿಲ್ಲ. ಆದರೆ ಹಾಡುಗಾರನು ಹಕ್ಕನ್ನು ಕೇಳದಿದ್ದ ಮಾತ್ರಕ್ಕೆ ಹಾಡು ಒಡೆಯನಿಲ್ಲದೆ ಉಳಿಯುವುದಿಲ್ಲ. ಅದನ್ನು ಮೊದಲು ಮುದ್ರಿಸಿದವನು ಅಥವಾ ಮೊದಲು ಪತ್ರ ಬರೆಸಿಕೊಂಡವನು ಒಡೆಯನಂತೆ ವ್ಯವಹರಿಸುತ್ತಾನೆ. ಭಜನೆಯ ರಾತ್ರಿಯಲ್ಲಿ ಹಾಡು ಎಲ್ಲರದಾಗಿಯೇ ಇರಲಿ. ತೆರೆಯ ಮೇಲೆ ಅದು ದುಡಿಯುವಾಗ ದುಡಿಮೆಯ ಪಾಲು ಕಟ್ಟಿದವನಿಗೆ, ಹಾಡಿದವನಿಗೆ ಸಲ್ಲಲಿ ಎಂಬುದರಲ್ಲಿ ವಿರೋಧವೇನೂ ಇಲ್ಲ.

ಈ ದೃಷ್ಟಿಯಿಂದ ಕ್ಷೇತ್ರಕಾರ್ಯದ ಕ್ರಮದಲ್ಲಿಯೇ ಕೆಲವು ಬದಲಾವಣೆಗಳು ಅಪೇಕ್ಷಣೀಯ. ಸಂಗ್ರಹಿಸಿದ ಪ್ರತಿ ಹಾಡಿನೊಡನೆ ಹಾಡಿದವರ ಹೆಸರು, ಊರು, ದಿನಾಂಕಗಳನ್ನೂ, ಹಾಡು ಯಾರಿಂದ ಬಂದಿತೆಂಬ ಅವರ ಹೇಳಿಕೆಯನ್ನೂ ದಾಖಲಿಸಬೇಕು. ಪದ ಮತ್ತು ಧಾಟಿಗಳ ಮೂಲವನ್ನು ಪ್ರತ್ಯೇಕವಾಗಿ ಕೇಳಬೇಕು. ಮುದ್ರಿಕೆಯನ್ನು ಅಧ್ಯಯನಕ್ಕೆ ಬಳಸುವ ಒಪ್ಪಿಗೆ ಬೇರೆ, ವಾಣಿಜ್ಯ ಬಳಕೆಯ ಒಪ್ಪಿಗೆ ಬೇರೆ ಎಂದು ಹಾಡುಗಾರರಿಗೆ ಅವರ ಮಾತಿನಲ್ಲಿಯೇ ತಿಳಿಸಿ ಬರೆಸಿಕೊಳ್ಳಬೇಕು. ಪ್ರತಿಯೊಂದನ್ನು ಅವರ ಕೈಗೂ ಕೊಡಬೇಕು. ಕರ್ತೃ ತಿಳಿಯದಿದ್ದಲ್ಲಿ ‘ಜನಪದ’ ಎಂದು ಬರೆಯುವುದಕ್ಕಿಂತ ‘ಕರ್ತೃ ತಿಳಿದಿಲ್ಲ’ ಎಂದು ಬರೆಯುವುದು ಪ್ರಾಮಾಣಿಕ.

ಕರ್ತೃವಿಚಾರ, ಕಾಲವಿಚಾರ, ಪಾಠವಿಚಾರಗಳು ಕನ್ನಡ ಸಂಶೋಧನೆಯ ಹಳೆಯ ಮೂರು ಕಾರ್ಯಗಳು. ಪಂಪ ರನ್ನರ ವಿಷಯದಲ್ಲಿ ಅವುಗಳಿಂದ ಸಾಹಿತ್ಯಚರಿತ್ರೆ ಬೆಳೆಯಿತು. ಬದುಕಿರುವ ಹಾಡುಗಾರನ ವಿಷಯದಲ್ಲಿ ಅದೇ ಕಾರ್ಯಗಳು ಅವನ ಹಾಡಿಗೆ ಉತಾರವಾಗಬಲ್ಲವು. ಅಳ್ನಾವರದ ಮೇಳದಲ್ಲಿ ಇಂದು ಹಾಡಿದ ಪದವನ್ನು ಹೆಸರು, ದಿನಾಂಕಗಳೊಡನೆ ಬರೆದಿಟ್ಟುಕೊಂಡ ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕವೇ ಮುಂದೊಂದು ದಿನ ಆ ಹಾಡುಗಾರನ ಮಕ್ಕಳ ಪಾಲಿಗೆ ಏಕೈಕ ಆಧಾರವಾಗಬಹುದು.